ಹಳೇ ಜಿಟಿಐ, ಹೊಸ ಜಿಟಿಐ: ಆ 640 ಕಿಲೋ ಎಲ್ಲಿಂದ ಬಂತು?

ಕಾರಿನ ಹುಚ್ಚಿರೋ ನಾಲ್ಕು ಜನ ಒಂದು ಕಡೆ ಸೇರಿದರೆ ಹತ್ತು ನಿಮಿಷದೊಳಗೆ ಒಂದು ಮಾತು ಬಂದೇ ಬರುತ್ತೆ: "ಈಗಿನ ಕಾರಲ್ಲಿ ಮಜಾ ಇಲ್ಲ ಮಗಾ, ಹಳೇದೇ ಚೆನ್ನಾಗಿತ್ತು." ಹಾಟ್ ಹ್ಯಾಚ್‌ಬ್ಯಾಕ್ ವಿಷಯಕ್ಕೆ ಬಂದರಂತೂ ಅದು ಮಾತಾಗಿ ಉಳಿಯಲ್ಲ, ಜಗಳವೇ ಆಗುತ್ತೆ. ಒಂದು ಪಕ್ಷ 1976ರ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, 1984ರ ಪ್ಯೂಜೊ 205 ಜಿಟಿಐ ಹೆಸರು ಹೇಳಿ ಕೈಮುಗಿಯುತ್ತೆ. ಇನ್ನೊಂದು ಪಕ್ಷ ಸ್ಟಾಪ್‌ವಾಚ್ ತೋರಿಸಿ ನಗುತ್ತೆ. ನಮ್ಮ ಹಾಸ್ಟೆಲ್‌ನಲ್ಲೂ ಈ ಎರಡು ಪಕ್ಷಗಳಿವೆ. ಎರಡರಲ್ಲೂ ಯಾರೊಬ್ಬರೂ 205 ಓಡಿಸಿಲ್ಲ ಅನ್ನೋದು ಬೇರೆ ವಿಷಯ ಬಿಡಿ!

ಆದರೆ ಎಂಜಿನಿಯರಿಂಗ್ ಓದ್ತಿರೋ ನಾವು "ಮಜಾ" ಅನ್ನೋ ಪದವನ್ನ ಹಾಗೇ ಗಾಳಿಗೆ ಬಿಟ್ಟರೆ ಹೇಗೆ? ಆ ಮಜಾ ಕಾರಿನ ಯಾವ ಭಾಗದಲ್ಲಿತ್ತು? ಅದನ್ನ ಯಾರು, ಯಾಕೆ ತೆಗೆದರು? ತೆಗೆಯಲೇಬೇಕಿತ್ತಾ? ಈ ಲೇಖನದಲ್ಲಿ ನಾವು ಹುಡುಕಿದ್ದು ಇಷ್ಟನ್ನೇ.

ಗೊತ್ತಿಲ್ಲದವರಿಗೆ ಒಂದು ಮಾತು. ಮನೆಯವರೆಲ್ಲ ಕೂತು ಮಾರ್ಕೆಟ್‌ಗೆ ಹೋಗೋ ಸಾಮಾನ್ಯ ಹ್ಯಾಚ್‌ಬ್ಯಾಕ್ ತಗೊಂಡು, ಅದಕ್ಕೆ ಜಾಸ್ತಿ ಶಕ್ತಿಯ ಎಂಜಿನ್, ಗಟ್ಟಿ ಸಸ್ಪೆನ್ಷನ್, ಒಳ್ಳೆ ಬ್ರೇಕು, ಅಗಲದ ಟೈರು ಹಾಕಿದರೆ ಅದು ಹಾಟ್ ಹ್ಯಾಚ್. ಸ್ಪೋರ್ಟ್ಸ್ ಕಾರಿನ ಅರ್ಧ ದುಡ್ಡಿಗೆ ಸ್ಪೋರ್ಟ್ಸ್ ಕಾರಿನ ಮುಕ್ಕಾಲು ಖುಷಿ. ಹಿಂದೆ ಡಿಕ್ಕಿಯಲ್ಲಿ ಅಕ್ಕಿ ಮೂಟೆಯೂ ಹಿಡಿಸುತ್ತೆ.

ಈ ಜಾತಿಯ ಮೊದಲ ಕಾರು ಗಾಲ್ಫ್ ಜಿಟಿಐ ಅಲ್ಲ. ಇಟಲಿಯ ಆಟೋಬಿಯಾಂಕಿ ಎ112 ಅಬಾರ್ತ್ 1971ರಲ್ಲೇ ಬಂದಿತ್ತು. ಆದರೆ ಹೆಸರು ಮಾಡಿದ್ದು ಗಾಲ್ಫು. ಅದರ ಹುಟ್ಟು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಥರಾನೇ ಇದೆ. ಆಲ್ಫೋನ್ಸ್ ಲೋವೆನ್‌ಬರ್ಗ್ ಅನ್ನೋ ಟೆಸ್ಟ್ ಎಂಜಿನಿಯರ್ ಮತ್ತು ಒಂದಷ್ಟು ಸಹೋದ್ಯೋಗಿಗಳು ಸೇರಿ, ಕಂಪನಿಯ ಅಧಿಕೃತ ಒಪ್ಪಿಗೆ ಸಿಗೋ ಮೊದಲೇ "ಸ್ಪೋರ್ಟ್ ಗಾಲ್ಫ್" ಕೆಲಸ ಶುರು ಮಾಡಿದ್ದರು. 1975ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾರು ತೋರಿಸಿದರು, ಮುಂದಿನ ವರ್ಷ ಮಾರಾಟ. 5,000 ಕಾರು ಹೋದರೆ ಸಾಕು ಅಂದ್ಕೊಂಡಿದ್ದರು. ಮೊದಲ ತಲೆಮಾರು ಮುಗಿಯೋ ಹೊತ್ತಿಗೆ ಹೋಗಿದ್ದು 4 ಲಕ್ಷದ 60 ಸಾವಿರಕ್ಕೂ ಜಾಸ್ತಿ. ಗೇರ್ ಲಿವರಿನ ತುದಿಗೆ ಗಾಲ್ಫ್ ಚೆಂಡು, ಸೀಟಿಗೆ ಚೌಕುಳಿ ಬಟ್ಟೆ – ಇವೆರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಅನ್ನೋ ವಿನ್ಯಾಸಕಿಯ ಕಲ್ಪನೆ. ಆ ಚೌಕುಳಿ ಸೀಟು ಇವತ್ತಿನ ಜಿಟಿಐನಲ್ಲೂ ಸಿಗುತ್ತೆ.

ಈಗ ಲೆಕ್ಕಕ್ಕೆ ಬರೋಣ. 1976ರ ಜಿಟಿಐ: 1.6 ಲೀಟರ್ ಎಂಜಿನ್, 110 ಅಶ್ವಶಕ್ತಿ, ತೂಕ ಸುಮಾರು 810 ಕೆಜಿ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟೋಕೆ ಸುಮಾರು 9 ಸೆಕೆಂಡು, ಗರಿಷ್ಠ ವೇಗ 182. ಇವತ್ತಿನ ಎಂಟನೇ ತಲೆಮಾರಿನ ಜಿಟಿಐ, 2024ರಲ್ಲಿ ಪರಿಷ್ಕರಿಸಿದ್ದು: 2 ಲೀಟರ್ ಟರ್ಬೊ, 265 ಅಶ್ವಶಕ್ತಿ, 370 ನ್ಯೂಟನ್ ಮೀಟರ್ ಟಾರ್ಕ್, 5.9 ಸೆಕೆಂಡು. ಗರಿಷ್ಠ ವೇಗ 250 ದಾಟದ ಹಾಗೆ ಎಲೆಕ್ಟ್ರಾನಿಕ್ ಆಗಿ ಕಟ್ಟಿಹಾಕಿದ್ದಾರೆ. ತೂಕ ಸುಮಾರು 1,450 ಕೆಜಿ. ಅಂದರೆ ಟನ್ನಿಗೆ 136 ಅಶ್ವಶಕ್ತಿ ಇದ್ದದ್ದು 183 ಆಗಿದೆ. ಸ್ಟಾಪ್‌ವಾಚ್ ಪಕ್ಷದವರ ವಾದ ಇಲ್ಲಿಗೇ ಮುಗಿಯುತ್ತೆ, ಗೆದ್ದೂ ಆಯಿತು.

ಆದರೆ ಮಧ್ಯೆ 640 ಕೆಜಿ ಬಂದು ಕೂತಿದೆಯಲ್ಲ? ಹಳೇ ಕಾರಿಗೆ ಎಂಟು ಜನ ದೊಡ್ಡವರನ್ನ ತುಂಬಿ, ಮೇಲೆ ಅವರ ಲಗೇಜನ್ನೂ ಏರಿಸಿದ ಹಾಗೆ. 100 ಕಿ.ಮೀ. ವೇಗದಲ್ಲಿ ಹಳೇ ಕಾರಿನ ಚಲನಶಕ್ತಿ ಸುಮಾರು 312 ಕಿಲೋಜೂಲ್, ಹೊಸದರದ್ದು 559. ಬ್ರೇಕು ಹಾಕಿದಾಗ ಅಷ್ಟೂ ಶಾಖವಾಗಿ ಡಿಸ್ಕಿಗೆ ಹೋಗಬೇಕು. ಅದಕ್ಕೆ ಡಿಸ್ಕು ದೊಡ್ಡದಾಗಬೇಕು. ಡಿಸ್ಕು ದೊಡ್ಡದಾದರೆ ಅದನ್ನ ಮುಚ್ಚೋ ಚಕ್ರ ದೊಡ್ಡದಾಗಬೇಕು. ಚಕ್ರ ಭಾರ ಆದರೆ ಅದನ್ನ ಹಿಡಿಯೋ ಆರ್ಮ್, ಸ್ಪ್ರಿಂಗು, ಡ್ಯಾಂಪರು ಎಲ್ಲವೂ ಗಟ್ಟಿಯಾಗಬೇಕು. ತೂಕ ತೂಕವನ್ನ ಕರೀತಾನೇ ಹೋಗುತ್ತೆ. ಹಳೇ ಜಿಟಿಐನ ಟೈರು 175/70 ಆರ್13. ಈಗ 225/40 ಆರ್18, ಬೇಕಂದರೆ 19 ಇಂಚು ಕೂಡ. ಕಾರಿನ ಉದ್ದ 3.7 ಮೀಟರ್ ಇದ್ದದ್ದು 4.28 ಆಗಿದೆ. ಗಾಲ್ಫಿನ ತಮ್ಮ ಅನ್ನಿಸಿಕೊಳ್ಳೋ ಈಗಿನ ಪೋಲೊ ಕೂಡ ಆ ಮೊದಲ ಗಾಲ್ಫಿಗಿಂತ ಉದ್ದ.

"ಎಲ್ಲಾ ಬೇಡದ ಕೊಬ್ಬು" ಅಂತ ಹಳೇ ಪಕ್ಷದವರು ಬೈಯೋದು ಇಲ್ಲೇ. ಅಲ್ಲಿ ನಮ್ಮದೊಂದು ತಕರಾರಿದೆ. 1997ರಲ್ಲಿ ಯೂರೋ ಎನ್‌ಕ್ಯಾಪ್ ಶುರುವಾದಾಗ ಗೋಡೆಗೆ ಗುದ್ದಿಸಿ ನೋಡಿದ ಮೊದಲ ಕಾರುಗಳಲ್ಲಿ ರೋವರ್ 100 ಒಂದು. ಅದರ ಮೈಕಟ್ಟು ಅಸಲಿಗೆ 1980ರ ಮೆಟ್ರೊದ್ದು. ಎಂಬತ್ತರ ದಶಕದಲ್ಲಿ ಎಂಜಿ ಮೆಟ್ರೊ ಅಂತ ಬಿಸಿಬಿಸಿಯಾಗಿ ಮಾರಾಟ ಆಗಿದ್ದೂ ಅದೇ ಮೈಕಟ್ಟು. ಸಿಕ್ಕಿದ್ದು ಒಂದೇ ಒಂದು ಸ್ಟಾರ್. ಆ ಪರೀಕ್ಷೆಯ ದೃಶ್ಯದಲ್ಲಿ ಡ್ರೈವರ್ ಕೂರೋ ಜಾಗವೇ ಮಡಚಿಕೊಂಡು ಹೋಗೋದನ್ನ ನೋಡಿದರೆ ತೆಳ್ಳಗಿನ ಪಿಲ್ಲರಿನ ಮೇಲಿರೋ ಮೋಹ ಸ್ವಲ್ಪ ಇಳಿಯುತ್ತೆ. ಹಳೇ ಹ್ಯಾಚ್‌ಗಳಲ್ಲಿ ಸುತ್ತಲೂ ಅಷ್ಟು ಚೆನ್ನಾಗಿ ಕಾಣ್ತಿತ್ತು, ಬಾಗಿಲು ಅಷ್ಟು ಹಗುರ ಇತ್ತು ಅಂತ ಹೊಗಳ್ತೀವಲ್ಲ, ಆ ಹಗುರದ ಬೆಲೆಯನ್ನ ಕಟ್ಟಿದೋರು ಒಳಗೆ ಕೂತವರು. ಅವರಲ್ಲಿ ಬಹಳಷ್ಟು ಜನ ನಮ್ಮ ವಯಸ್ಸಿನವರೇ. ಸಣ್ಣ ಕಾರು, ಕೈಗೆಟುಕೋ ಬೆಲೆ, ಜಾಸ್ತಿ ಶಕ್ತಿ ಅಂದ್ರೆ ಯಾರು ತಗೋತಾರೆ ಹೇಳಿ? ತೊಂಬತ್ತರ ದಶಕದ ಶುರುವಿನಲ್ಲಿ ಬ್ರಿಟನ್‌ನಲ್ಲಿ ಹಾಟ್ ಹ್ಯಾಚ್ ಮಾರುಕಟ್ಟೆ ಕುಸಿದುಬಿತ್ತು. ಕಳ್ಳತನ, ಕದ್ದ ಕಾರಲ್ಲಿ ಮೋಜಿನ ಸವಾರಿ, ಅಪಘಾತ ಎಲ್ಲಾ ಸೇರಿ ಇನ್ಶೂರೆನ್ಸ್ ಕಂತು ಆಕಾಶಕ್ಕೆ ಹೋಗಿತ್ತು. ಕಾರು ತಗೊಳೋ ಹುಡುಗರಿಗೆ ಅದರ ಇನ್ಶೂರೆನ್ಸ್ ಕಟ್ಟೋಕೆ ಆಗ್ತಿರಲಿಲ್ಲ.

ಇನ್ನೂ ಒಂದು. ಬಲಗಡೆ ಸ್ಟಿಯರಿಂಗಿನ ಮೊದಲ ತಲೆಮಾರಿನ ಗಾಲ್ಫ್‌ಗಳಲ್ಲಿ ಬ್ರೇಕ್ ಬೂಸ್ಟರ್ ಎಡಗಡೆಯೇ ಉಳಿದಿತ್ತು. ಪೆಡಲಿನಿಂದ ಅಲ್ಲಿಗೆ ಅಡ್ಡಡ್ಡ ಒಂದು ಸರಳು ಕೊಟ್ಟಿದ್ದರು. ಆ ಸರಳಿನ ಬಳುಕು, ಕೊಂಡಿಗಳ ಸಡಿಲ ಎಲ್ಲಾ ಸೇರಿ ಪೆಡಲ್ ಒತ್ತಿದರೆ ಸ್ಪಂಜು ಒತ್ತಿದ ಹಾಗೆ. ನೆನಪಿನ ಕಾರುಗಳು ಯಾವಾಗಲೂ ಸರಿಯಾಗಿ ನಿಲ್ತವೆ, ನಿಜವಾದ ಕಾರುಗಳು ಹಾಗಲ್ಲ.

ಹಾಗಂತ ಸುರಕ್ಷತೆಯೆಲ್ಲಾ ಭಾರವೇ ಅಂತಲೂ ತಿಳಿಯಬೇಡಿ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಭಾರತದ ಪೋಲೊವನ್ನ ಏರ್‌ಬ್ಯಾಗ್ ಇಲ್ಲದೆ ಪರೀಕ್ಷಿಸಿದಾಗ ಸಿಕ್ಕಿದ್ದು ಸೊನ್ನೆ. ಮುಂದೆ ಎರಡು ಏರ್‌ಬ್ಯಾಗ್ ಇರೋ ಪೋಲೊಗೆ ನಾಲ್ಕು ಸ್ಟಾರ್. ಸೊನ್ನೆಗೂ ನಾಲ್ಕಕ್ಕೂ ನಡುವೆ ಇದ್ದದ್ದು ಕೆಲವೇ ಕೆಜಿ. ಹಾಗಾದರೆ ಉಳಿದ ನೂರಾರು ಕೆಜಿ? ಹಿಂದಿನ ಸೀಟಿನ ಕಾಲಿನ ಜಾಗ, ಸದ್ದು ತಡೆಯೋ ಪದರಗಳು, ಎಸಿ, ವಿದ್ಯುತ್ ಮೋಟಾರಿನ ಸೀಟುಗಳು, ಪರದೆಗಳು, ಟರ್ಬೊ, ಇಂಟರ್‌ಕೂಲರ್, ಡಬಲ್ ಕ್ಲಚ್ಚಿನ ಗೇರ್‌ಬಾಕ್ಸ್. ಒಂದಿಷ್ಟು ತೂಕ ಜೀವ ಉಳಿಸೋಕೆ ಬಂದಿದ್ದು, ಒಂದಿಷ್ಟು ಸುಖಕ್ಕೆ ಬಂದಿದ್ದು. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಜಗಳ ಆಡೋದರಿಂದಲೇ ಈ ವಾದ ಮುಗಿಯೋದಿಲ್ಲ.

ಸರಿ, ಮಜಾ ಎಲ್ಲಿತ್ತು? ಬಹುಪಾಲು ಸ್ಟಿಯರಿಂಗಿನಲ್ಲಿತ್ತು. ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಷಯ.

ಕಾರು ತಿರುವಿನಲ್ಲಿದ್ದಾಗ ಟೈರು ರಸ್ತೆಗೆ ತಾಗೋ ಜಾಗ ನಮ್ಮ ಅಂಗೈಯಷ್ಟೇ ಇರುತ್ತೆ. ಟೈರು ನೋಡ್ತಿರೋ ದಿಕ್ಕಿಗೂ ಅದು ನಿಜವಾಗಿ ಹೋಗ್ತಿರೋ ದಿಕ್ಕಿಗೂ ಒಂದು ಸಣ್ಣ ಕೋನ ಇರುತ್ತೆ, ಅದೇ ಸ್ಲಿಪ್ ಆಂಗಲ್. ರಬ್ಬರು ಆ ಅಂಗೈ ಜಾಗದ ಮುಂದಿನ ಅಂಚಿನಲ್ಲಿ ರಸ್ತೆ ಹಿಡಿದು, ಹಿಂದಕ್ಕೆ ಹೋಗ್ತಾ ಹೋಗ್ತಾ ಹೆಚ್ಚು ಹೆಚ್ಚು ಎಳೆದುಕೊಳ್ಳುತ್ತೆ. ಹಾಗಾಗಿ ಅಡ್ಡಬಲ ಹೆಚ್ಚಾಗಿ ಹುಟ್ಟೋದು ಹಿಂಭಾಗದಲ್ಲಿ. ಒಟ್ಟು ಬಲ ಟೈರಿನ ನಟ್ಟನಡುವೆ ಕೂರದೆ ಸ್ವಲ್ಪ ಹಿಂದೆ ಕೂರುತ್ತೆ. ಆ ಹಿಂದಿನ ದೂರಕ್ಕೆ ನ್ಯೂಮ್ಯಾಟಿಕ್ ಟ್ರೇಲ್ ಅಂತಾರೆ. ಬಲ ಗುಣಿಸು ದೂರ, ಟಾರ್ಕ್ ಸಿಕ್ಕಿತು. ಈ ಟಾರ್ಕು ಚಕ್ರವನ್ನ ಮತ್ತೆ ನೇರ ಮಾಡೋಕೆ ನೋಡುತ್ತೆ. ನಮ್ಮ ಕೈಗೆ ಸ್ಟಿಯರಿಂಗ್ ಭಾರ ಅನ್ನಿಸೋದು ಇದರಿಂದ.

ಚಂದ ಇರೋದು ಇನ್ನು ಮುಂದೆ. ತಿರುವಿನಲ್ಲಿ ವೇಗ ಹೆಚ್ಚಾದ ಹಾಗೆ ಹಿಂದಿನ ಅಂಚಿನ ರಬ್ಬರು ಮೊದಲು ಜಾರೋಕೆ ಶುರು ಮಾಡುತ್ತೆ. ಬಲದ ಕೇಂದ್ರ ಮುಂದಕ್ಕೆ ಸರಿಯುತ್ತೆ, ಟ್ರೇಲ್ ಕಮ್ಮಿ ಆಗುತ್ತೆ. ಅಡ್ಡಬಲ ಇನ್ನೂ ಏರ್ತಾನೇ ಇರುವಾಗಲೇ ಆ ನೇರ ಮಾಡೋ ಟಾರ್ಕು ಇಳಿಯೋಕೆ ಶುರು! ಅಂದರೆ ಹಿಡಿತ ಪೂರ್ತಿ ಮುಗಿಯೋಕೆ ಮೊದಲೇ ಸ್ಟಿಯರಿಂಗ್ ಕೈಯಲ್ಲಿ ಹಗುರ ಆಗುತ್ತೆ. "ಇನ್ನು ಸ್ವಲ್ಪವೇ ಉಳಿದಿದೆ ಕಣೋ" ಅಂತ ಟೈರು ಮುಂಚಿತವಾಗಿ ಹೇಳೋ ಮಾತು ಅದು. ಪವರ್ ಸ್ಟಿಯರಿಂಗ್ ಇಲ್ಲದ ಮೊದಲ ಜಿಟಿಐನಲ್ಲಿ ಆ ಮಾತು ರ‍್ಯಾಕಿನಿಂದ ಸೀದಾ ಬೆರಳಿಗೆ ಬರ್ತಿತ್ತು. ಪಾರ್ಕಿಂಗ್ ಮಾಡುವಾಗ ಭುಜ ನೋಯ್ತಿತ್ತು, ಅದೂ ನಿಜ.

ಈಗಿನ ಕಾರುಗಳಲ್ಲಿ ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್. ಎಂಜಿನ್ ಓಡುವಷ್ಟೂ ಹೊತ್ತು ಸುತ್ತೋ ಹೈಡ್ರಾಲಿಕ್ ಪಂಪು ಹೋಯಿತು, ಪೆಟ್ರೋಲ್ ಉಳಿಯಿತು. ಲೇನ್ ಹಿಡಿಯೋದು, ತಾನೇ ಪಾರ್ಕ್ ಆಗೋದು ಎಲ್ಲಾ ಸಾಧ್ಯ ಆಯಿತು. ಆದರೆ ಸ್ಟಿಯರಿಂಗಿಗೂ ಚಕ್ರಕ್ಕೂ ನಡುವೆ ಈಗ ಒಂದು ಮೋಟಾರ್ ಕೂತಿದೆ. ಅದರ ರೋಟರಿನ ಜಡತ್ವ ಎಷ್ಟೇ ಚಿಕ್ಕದಿರಲಿ, ಸ್ಟಿಯರಿಂಗಿಗೆ ತಲುಪುವಾಗ ಗೇರ್ ಅನುಪಾತದ ವರ್ಗದಿಂದ ಗುಣಿಸಿಕೊಳ್ಳುತ್ತೆ. ಅನುಪಾತ 20 ಇದ್ದರೆ ಜಡತ್ವ 400 ಪಟ್ಟು. ರಸ್ತೆಯ ಸಣ್ಣ ಸಣ್ಣ ನಡುಕಗಳನ್ನ ಅದು ನುಂಗಿಬಿಡುತ್ತೆ. ಉಳಿದ ಕೆಲಸ ಸಾಫ್ಟ್‌ವೇರ್ ಫಿಲ್ಟರ್‌ನದ್ದು. ಟೈರು ಹೇಳ್ತಾನೇ ಇದೆ, ನಡುವೆ ಕೂತವರು ಸುದ್ದಿ ಮುಂದಕ್ಕೆ ಕಳಿಸ್ತಿಲ್ಲ ಅಷ್ಟೆ.

ಇಲ್ಲೇ ನಮ್ಮ ಮುಖ್ಯ ಮಾತಿದೆ. ಇದು ಸುರಕ್ಷತೆಗಾಗಿ ತೆತ್ತ ಬೆಲೆ ಅಲ್ಲ. ಗಟ್ಟಿ ಪಿಲ್ಲರ್ ಇಲ್ಲದೆ ಜೀವ ಉಳಿಯಲ್ಲ, ಒಪ್ಪೋಣ. ಆದರೆ ಸ್ಟಿಯರಿಂಗ್ ಎಷ್ಟು ಮಾತಾಡಬೇಕು ಅನ್ನೋದು ಯಾರೋ ಒಬ್ಬ ಎಂಜಿನಿಯರ್ ಕ್ಯಾಲಿಬ್ರೇಷನ್ ಟೇಬಲ್ ಮುಂದೆ ಕೂತು ಮಾಡಿದ ಆಯ್ಕೆ. ಹೆಚ್ಚಿನ ಗಿರಾಕಿಗಳಿಗೆ ಹೈವೇಯಲ್ಲಿ ನಡುಕ ಬೇಡ, ಅದಕ್ಕೆ ತೆಗೆದರು. ಬೇಕು ಅಂದ ಕಂಪನಿಗಳು ಅದೇ ಎಲೆಕ್ಟ್ರಿಕ್ ಸ್ಟಿಯರಿಂಗ್ ಇಟ್ಟುಕೊಂಡೇ ಬಹಳಷ್ಟನ್ನ ಉಳಿಸಿಕೊಂಡಿವೆ. ಹೋಂಡಾ ಸಿವಿಕ್ ಟೈಪ್ ಆರ್ ಇದಕ್ಕೆ ಸಾಕ್ಷಿ, ಅದಕ್ಕೆ ಆಮೇಲೆ ಬರ್ತೀವಿ.

ಮಜಾದ ಎರಡನೇ ಪಾಲು ಹಿಂದಿನ ಚಕ್ರಗಳಲ್ಲಿತ್ತು. ಹಳೇ ಹಾಟ್ ಹ್ಯಾಚ್ ಫೋಟೋಗಳನ್ನ ನೋಡಿ, ತಿರುವಿನಲ್ಲಿ ಒಳಗಿನ ಹಿಂದಿನ ಚಕ್ರ ಗಾಳಿಯಲ್ಲಿ ಎದ್ದಿರುತ್ತೆ, ನಾಯಿ ಕಂಬದ ಹತ್ತಿರ ಕಾಲೆತ್ತಿದ ಹಾಗೆ. ಅದು ಆಕಸ್ಮಿಕ ಅಲ್ಲ. ಮುಂದಿನ ಚಕ್ರ ಎಳೆಯೋ ಕಾರಿನಲ್ಲಿ ತೂಕದ ಬಹುಪಾಲು ಮುಂದೆ ಇರುತ್ತೆ. ಹಿಂಭಾಗವನ್ನ ಹೊರಳದ ಹಾಗೆ ಗಟ್ಟಿ ಮಾಡಿದರೆ, ತಿರುವಿನಲ್ಲಿ ಒಳಗಿಂದ ಹೊರಕ್ಕೆ ಹೋಗೋ ತೂಕದ ಹೆಚ್ಚಿನ ಪಾಲು ಹಿಂದಿನ ಆಕ್ಸಲಿನಲ್ಲೇ ಹೋಗುತ್ತೆ. ಮುಂದಿನ ಎರಡೂ ಚಕ್ರ ನೆಲ ಹಿಡಿದು ಎಳೆಯುತ್ತವೆ, ಹಿಂದಿನದೊಂದು ಏಳುತ್ತೆ.

ಈಗ 205 ಜಿಟಿಐ ತಗೊಳ್ಳಿ. ತೂಕ ಸುಮಾರು 850 ಕೆಜಿ. ಮೊದಲು 1.6 ಲೀಟರ್, 105 ಅಶ್ವಶಕ್ತಿ. 1986ರಲ್ಲಿ ಬಂದ 1.9 ಲೀಟರಿನದಕ್ಕೆ 130. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2.42 ಮೀಟರ್ ಅಷ್ಟೆ. ತಿರುವಿನ ಮಧ್ಯೆ ಹೆದರಿ ಆಕ್ಸಲರೇಟರ್ ಬಿಟ್ಟರೆ ಕಾರು ನಿಧಾನ ಆಗಿ ತೂಕ ಮುಂದಕ್ಕೆ ವಾಲುತ್ತೆ. ಎಷ್ಟು ಅಂದರೆ, ದ್ರವ್ಯರಾಶಿ ಗುಣಿಸು ವೇಗ ಇಳಿಯೋ ದರ ಗುಣಿಸು ಗುರುತ್ವಕೇಂದ್ರದ ಎತ್ತರ, ಭಾಗಿಸು ಚಕ್ರಗಳ ನಡುವಿನ ದೂರ. ದೂರ ಕಮ್ಮಿ ಇದ್ದಷ್ಟೂ ವಾಲೋದು ಜಾಸ್ತಿ. ಮೊದಲೇ ಹಗುರವಾಗಿದ್ದ ಹಿಂಭಾಗ ಇನ್ನೂ ಹಗುರ ಆಗಿ ಹೊರಕ್ಕೆ ಬೀಸುತ್ತೆ. ಇದೇ ಹೆಸರುವಾಸಿ ಲಿಫ್ಟ್ ಆಫ್ ಓವರ್‌ಸ್ಟಿಯರ್. ಗೊತ್ತಿದ್ದವನು ಕಾಲಿನಲ್ಲೇ ಕಾರು ತಿರುಗಿಸ್ತಿದ್ದ. ಗೊತ್ತಿಲ್ಲದವನು ಮಳೆಯ ದಿನ ಹಿಂದುಮುಂದಾಗಿ ಬೇಲಿಯೊಳಗೆ ಹೋಗ್ತಿದ್ದ. ಮನುಷ್ಯನಿಗೆ ಭಯ ಆದಾಗ ಸಹಜವಾಗಿ ಮಾಡೋದೇ ಆಕ್ಸಲರೇಟರ್ ಬಿಡೋದು ಅನ್ನೋದನ್ನ ಯೋಚಿಸಿ, ಆ ಕಾರು ಎಷ್ಟು ನಿಷ್ಕರುಣಿ ಅಂತ ಅರ್ಥ ಆಗುತ್ತೆ.

ಇದಕ್ಕೆ ಮದ್ದು ಇಎಸ್‌ಸಿ. ಪ್ರತಿ ಚಕ್ರದ ವೇಗ, ಸ್ಟಿಯರಿಂಗ್ ಕೋನ, ಕಾರು ತನ್ನ ಸುತ್ತ ತಿರುಗ್ತಿರೋ ದರ ಇವನ್ನೆಲ್ಲಾ ಅಳೆದು, ಡ್ರೈವರ್ ಕೇಳಿದ್ದಕ್ಕೂ ಕಾರು ಮಾಡ್ತಿರೋದಕ್ಕೂ ವ್ಯತ್ಯಾಸ ಬಂದ ಕೂಡಲೇ ಯಾವುದೋ ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಸರಿ ಮಾಡುತ್ತೆ. 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಾಷ್ ಇದನ್ನ ಮೊದಲು ತಂದಿತು. 2014ರ ನವೆಂಬರ್‌ನಿಂದ ಯೂರೋಪಿನಲ್ಲಿ ಎಲ್ಲಾ ಹೊಸ ಕಾರಿಗೂ ಕಡ್ಡಾಯ. ತಮಾಷೆ ಅಂದರೆ, 1976ರ ಜಿಟಿಐಗೆ ಜೀವ ಕೊಟ್ಟ ಕೆ-ಜೆಟ್ರಾನಿಕ್ ಇಂಧನ ಇಂಜೆಕ್ಷನ್ ಕೂಡ ಬಾಷ್‌ದೇ. ಉಪ್ಪು ಹಾಕಿದ್ದೂ ಅವರೇ, ಆಮೇಲೆ ನೀರು ಬೆರೆಸಿದ್ದೂ ಅವರೇ! ನಮ್ಮ ಆಡುಗೋಡಿಯ ಬಾಷ್, ಅಪ್ಪಂದಿರ ಬಾಯಲ್ಲಿ ಇವತ್ತಿಗೂ ಮೈಕೋ, ಅದೇ ಮನೆತನ. ಅದರ ಸಾಫ್ಟ್‌ವೇರ್ ಕಂಪನಿಯ ನೆಲೆಯೂ ಬೆಂಗಳೂರೇ. ಪ್ಲೇಸ್‌ಮೆಂಟ್‌ಗೆ ಇಂಥ ಕಡೆ ಹೋಗೋ ನಮ್ಮ ಸೀನಿಯರ್‌ಗಳ ಕೆಲಸದ ಪಟ್ಟಿಯಲ್ಲಿ "ಕ್ಯಾಲಿಬ್ರೇಷನ್" ಅಂತ ಇದ್ದರೆ ಅದು ಮೇಲೆ ಹೇಳಿದ ಟೇಬಲ್ಲೇ.

ಇಷ್ಟಾದ ಮೇಲೆ ಹೊಸ ಕಾರುಗಳ ಪರವಾಗಿ ಹೇಳಲೇಬೇಕಾದ್ದು ಒಂದಿದೆ. 110 ಅಶ್ವಶಕ್ತಿಯನ್ನ ಮುಂದಿನ ಚಕ್ರಕ್ಕೆ ಕೊಡೋದು ಸುಲಭ. 329 ಕೊಡೋದು ಹೇಗೆ? ಎರಡು ಚಕ್ರದ ಎಳೆತ ಸ್ವಲ್ಪ ಹೆಚ್ಚುಕಮ್ಮಿ ಆದರೂ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತೆ, ಅದೇ ಟಾರ್ಕ್ ಸ್ಟಿಯರ್. 1997ರ ಮೊದಲ ಸಿವಿಕ್ ಟೈಪ್ ಆರ್‌ಗೆ 1.6 ಲೀಟರ್, ಟರ್ಬೊ ಇಲ್ಲದೆ 8,200 ಸುತ್ತಿನಲ್ಲಿ 185 ಅಶ್ವಶಕ್ತಿ. ಎಂಜಿನ್ ಕಿರುಚಿಸಿದರೆ ಮಾತ್ರ ಶಕ್ತಿ ಬರ್ತಿತ್ತು, ಹಾಗಾಗಿ ಟಾರ್ಕ್ ಕಮ್ಮಿ. 2022ರದಕ್ಕೆ 2 ಲೀಟರ್ ಟರ್ಬೊ, 420 ನ್ಯೂಟನ್ ಮೀಟರ್. ಹೋಂಡಾ ಮಾಡಿದ್ದು ಏನಂದ್ರೆ, ಸಸ್ಪೆನ್ಷನ್ ಸ್ಟ್ರಟ್ಟನ್ನೂ ಚಕ್ರ ತಿರುಗೋ ಅಕ್ಷವನ್ನೂ ಬೇರೆ ಬೇರೆ ಮಾಡಿ, ಆ ಅಕ್ಷವನ್ನ ಚಕ್ರದ ನಡುವಿಗೆ ಹತ್ತಿರ ತಂದರು. ಎಳೆತಕ್ಕೆ ಸಿಗೋ ಸನ್ನೆಗೋಲೇ ಗಿಡ್ಡ ಆಯಿತು. ಜೊತೆಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್, ಕೈಯಲ್ಲೇ ಹಾಕೋ ಆರು ಗೇರು. 2023ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 7 ನಿಮಿಷ 44.881 ಸೆಕೆಂಡಿನಲ್ಲಿ ಸುತ್ತು ಮುಗಿಸಿ, ಮುಂದಿನ ಚಕ್ರದ ಕಾರುಗಳಲ್ಲಿ ದಾಖಲೆ ಮಾಡಿತು. ಟೊಯೋಟ ಇನ್ನೊಂದು ದಾರಿ ಹಿಡಿಯಿತು. ರ‍್ಯಾಲಿಗಾಗಿ ಹುಟ್ಟಿದ 2020ರ ಜಿಆರ್ ಯಾರಿಸ್: ಮೂರೇ ಸಿಲಿಂಡರ್, 261 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಎಳೆತ, ಕಾರ್ಬನ್ ಛಾವಣಿ, ಅಲ್ಯೂಮಿನಿಯಂ ಬಾಗಿಲು. ಇಷ್ಟೆಲ್ಲಾ ಇದ್ದೂ ತೂಕ 1,280 ಕೆಜಿ ಆಸುಪಾಸು. ಮನಸ್ಸಿದ್ದರೆ ಮಾರ್ಗ ಇದೆ, ದುಡ್ಡೂ ಬೇಕು.

ಹಾಗೆ ನೋಡಿದರೆ "ಹಳೇದೆಲ್ಲಾ ಚಿನ್ನ" ಅನ್ನೋದೂ ಸುಳ್ಳು. ಗಾಲ್ಫಿನ ಮೂರನೇ ತಲೆಮಾರಿನ ಎಂಟು ವಾಲ್ವಿನ ಜಿಟಿಐಗೆ ಇದ್ದದ್ದು 115 ಅಶ್ವಶಕ್ತಿ, ತೂಕ ಸಾವಿರ ಕೆಜಿ ದಾಟಿತ್ತು. ಅದನ್ನ ಹೊಗಳೋರು ಹಳೇ ಪಕ್ಷದಲ್ಲೂ ಕಮ್ಮಿ. 2004ರ ಐದನೇ ತಲೆಮಾರು 200 ಅಶ್ವಶಕ್ತಿಯ ಟರ್ಬೊ ಮತ್ತು ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್ ಜೊತೆ ಬಂದು ಮರ್ಯಾದೆ ಉಳಿಸಿತು. ಎಂಟನೆಯದು ಸ್ಟಿಯರಿಂಗಿನ ಬಟನ್‌ಗಳನ್ನೆಲ್ಲಾ ಟಚ್ ಮಾಡಿಟ್ಟು ಬೈಸಿಕೊಂಡಿತು. ಪರಿಷ್ಕರಿಸುವಾಗ ಒತ್ತೋ ಬಟನ್ ವಾಪಸ್ ಕೊಟ್ಟರು. ಅದೇ ಉಸಿರಿನಲ್ಲಿ ಯೂರೋಪಿನಲ್ಲಿ ಮ್ಯಾನ್ಯುಯಲ್ ಗೇರು ಕಿತ್ತುಕೊಂಡರು. ಎಂಜಿನ್ ಸದ್ದು ಸಾಲದು ಅಂತ ಜಿಟಿಐಗೆ ಸೌಂಡಾಕ್ಟರ್ ಅನ್ನೋ ಸದ್ದು ಹುಟ್ಟಿಸೋ ಡಬ್ಬಿಯನ್ನೂ ಹಾಕಿದ್ದುಂಟು. ಅದರ ಬಗ್ಗೆ ಜಾಸ್ತಿ ಬರೆಯೋಕೆ ನಮಗೆ ಮನಸ್ಸಿಲ್ಲ.

ನಮ್ಮ ದೇಶದಲ್ಲಿ ಇವೆಲ್ಲಾ ಯಾಕೆ ಕಾಣಲ್ಲ ಅಂತ ಕೇಳಿದರೆ ಉತ್ತರ ಟೇಪು ಮತ್ತು ತೆರಿಗೆಯಲ್ಲಿದೆ. 4 ಮೀಟರ್ ಒಳಗಿನ ಉದ್ದ, 1,200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ತೆರಿಗೆ ಕಮ್ಮಿ. ಹೊರಗೆ ಕಾಲಿಟ್ಟರೆ ಜಾಸ್ತಿ, ಪೂರ್ತಿ ಆಮದು ಆದರೆ ಇನ್ನೂ ಜಾಸ್ತಿ. 2016ರಲ್ಲಿ ಬಂದ ಮೂರು ಬಾಗಿಲಿನ ಪೋಲೊ ಜಿಟಿಐಗೆ 25 ಲಕ್ಷದ ಮೇಲೆ ಬೆಲೆ ಇತ್ತು. 2025ರಲ್ಲಿ ಗಾಲ್ಫ್ ಜಿಟಿಐ ಬಂತು, ಶೋರೂಂ ಬೆಲೆ ಸುಮಾರು 53 ಲಕ್ಷ. ಬಡವರ ಸ್ಪೋರ್ಟ್ಸ್ ಕಾರು ಅಂತ ಹುಟ್ಟಿದ್ದು ನಮ್ಮಲ್ಲಿಗೆ ಬರೋ ಹೊತ್ತಿಗೆ ಸೈಟಿನ ಬೆಲೆ ಆಗಿದೆ.

ಮುಂದಿನ ಸರದಿ ಬ್ಯಾಟರಿಯದ್ದು. ಪ್ಯೂಜೊ 2025ರಲ್ಲಿ ಜಿಟಿಐ ಹೆಸರನ್ನ ಮತ್ತೆ ಹೊರತೆಗೆದು ಇ-208 ಜಿಟಿಐ ತೋರಿಸಿತು: 280 ಅಶ್ವಶಕ್ತಿ, ತೂಕ 1.6 ಟನ್ನಿನ ಹತ್ತಿರ, ಹೆಚ್ಚುಕಮ್ಮಿ ಎರಡು ಹಳೇ 205ರಷ್ಟು. ಆದರೆ ಆ ತೂಕದ ದೊಡ್ಡ ಪಾಲು ನೆಲಕ್ಕಂಟಿದ ಹಾಗೆ ಕೆಳಗಿರೋದರಿಂದ ನಾವು ಮೇಲೆ ಬರೆದ ಸೂತ್ರದಲ್ಲಿ ಗುರುತ್ವಕೇಂದ್ರದ ಎತ್ತರ ಇಳಿಯುತ್ತೆ. ಆಕ್ಸಲರೇಟರಿನಿಂದ ಕಾಲು ತೆಗೆದಾಗ ಕಾರು ಎಷ್ಟು ನಿಧಾನ ಆಗಬೇಕು ಅನ್ನೋದನ್ನ ಈಗ ಮೋಟಾರ್ ಕಂಟ್ರೋಲರ್ ನಿರ್ಧರಿಸುತ್ತೆ. 205ರ ಹಿಂಭಾಗವನ್ನ ಬೀಸ್ತಿದ್ದ ಅದೇ ವಾಲಾಟವನ್ನ ಬೇಕಾದಷ್ಟು ಅಳತೆ ಮಾಡಿ ಕೊಡಬಹುದು, ಪೂರ್ತಿ ಮುಚ್ಚಿಯೂ ಹಾಕಬಹುದು. ಕೊಡ್ತಾರಾ, ಮುಚ್ತಾರಾ ಅನ್ನೋದನ್ನ ಆ ಟೇಬಲ್ ಮುಂದೆ ಕೂರೋರು ತೀರ್ಮಾನ ಮಾಡ್ತಾರೆ. ಇನ್ನು ನಾಲ್ಕೈದು ವರ್ಷದಲ್ಲಿ ಅವರಲ್ಲಿ ಒಂದಿಬ್ಬರು ನಮ್ಮ ಕ್ಯಾಂಪಸ್ಸಿನವರೇ ಇರಬಹುದು.